ಇಪ್ಪತ್ತು ಬಿದ್ದರೂ ಸತ್ತ ಅಜ್ಜಿ

"ಇಪ್ಪತ್ತು ಬಿದ್ದಿದೆ. ಕಣ್ಣು ಬಿಟ್ಟು ನೋಡು."

"ನೋಡ್ದೆ. ಬೇಕಾಗಿದ್ದು ಇಪ್ಪತ್ತೆರಡು. ಅಜ್ಜಿ ಸತ್ತಳು."

"ಇಪ್ಪತ್ತು ಮುಖದ ದಾಳದಲ್ಲಿ ಇಪ್ಪತ್ತೆರಡು ಎಲ್ಲಿಂದ ತರ್ಲಿ ಅಣ್ಣ? ನೀನೇ ಉಜ್ಜಿ ಮಾಡಿರೋ ದಾಳ. ಇನ್ನೆರಡು ಮುಖ ಕೂರಿಸಿಕೊಡು, ಎಸೀತೀನಿ."

ಜೊತೆಗೆ ಆಟಕ್ಕೆ ಕೂತಿದ್ದ ಕಾಂಪೌಂಡರ್ ಕಿಸಕ್ಕನೆ ನಕ್ಕ. ನನಗೆ ಮೈ ಉರಿದುಹೋಯಿತು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಕೆಳಗಿಳಿಸಲು ನಾನೇ ಸೀನಬೇಕು ಎಂದು ಅಮ್ಮ ಹೇಳುತ್ತಿದ್ದಳು.

ನಾನು ಲೇತ್ ಕೆಲಸದವನು. ನನ್ನ ತಂಗಿ ಟೈಲರ್. ಒಂಬತ್ತು ವರ್ಷ ಪ್ರತಿ ಭಾನುವಾರ ಮಧ್ಯಾಹ್ನ ನನ್ನ ವರ್ಕ್‌ಶಾಪಿನ ಮೇಲಿನ ಕೋಣೆಯಲ್ಲಿ ನಾವಿಬ್ಬರು, ಮೇಷ್ಟ್ರು, ಕಾಂಪೌಂಡರ್, ನಾಲ್ವರೂ ಕೂತು ಆಡಿದ್ದೇವೆ. ಕಾಗದ, ಪೆನ್ಸಿಲು, ಹಿತ್ತಾಳೆ ದಾಳ, ಇಷ್ಟೇ ಸಾಮಾನು. ಕತೆ ನಡೆಸುವವನು ನಾನು. ಗುಹೆ, ಹಾವು, ರಾಕ್ಷಸ ಎಲ್ಲ ನನ್ನ ಬಾಯಿಂದ ಬರುತ್ತವೆ. ಉಳಿದವರಿಗೆ ತಲಾ ಒಂದು ಪಾತ್ರ. ಮೇಷ್ಟ್ರು ಒಬ್ಬ ಜಟ್ಟಿ. ಕಾಂಪೌಂಡರ್ ಕಳ್ಳ. ತಂಗಿ ಒಬ್ಬ ಮುದಿ ಸೂಲಗಿತ್ತಿ, ಮದ್ದು ಕೊಡುವ ಅಜ್ಜಿ.

ಆ ಅಜ್ಜಿಗೆ ತಂಗಿ ನಮ್ಮ ಅಮ್ಮನ ಮಾತನ್ನೇ ಕೊಟ್ಟಿದ್ದಳು. ಕಳ್ಳ ಬಾಗಿಲಿಗೆ ಕೈ ಹಾಕಿದರೆ, "ಮೊದಲು ಮೂಸು, ಆಮೇಲೆ ಮುಟ್ಟು, ಕತ್ತೆ ಬಡವ" ಎಂದು ಬೈಯುತ್ತಿದ್ದಳು. ಎಳೆದು ಎಳೆದು, ಕೊನೆಯಲ್ಲಿ ನಾಲಿಗೆ ಚಪ್ಪರಿಸಿ. ಅಮ್ಮ ಹೋಗಿ ಹತ್ತು ವರ್ಷವಾಗಿತ್ತು. ಭಾನುವಾರ ಮಾತ್ರ ಆ ಬೈಗುಳ ಕಿವಿಗೆ ಬೀಳುತ್ತಿತ್ತು. ಇದನ್ನು ನಾನಾಗಲಿ ಅವಳಾಗಲಿ ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ.

ನಮ್ಮ ಆಟದಲ್ಲಿ ವಿಷವೋ ಮಾಟವೋ ತಗುಲಿದರೆ ಬದುಕಲು ಒಂದು ಎಸೆತ ಇರುತ್ತದೆ. ಉಳಿವಿನ ಎಸೆತ ಎಂದು ನಾವು ಕರೆಯುತ್ತಿದ್ದೆವು. ಬಿದ್ದ ಸಂಖ್ಯೆಗೆ ಪಾತ್ರದ ಮೈಬಲ ಸೇರಿಸಿ ಹದಿನೈದು ದಾಟಿಸಿದರೆ, ಇಲ್ಲವೇ ಮುಟ್ಟಿಸಿದರೆ, ಜೀವ ಉಳಿಯಿತು. ತೊಂದರೆ ಏನೆಂದರೆ, ವರ್ಷ ಕಳೆದಂತೆ ಪಾತ್ರಗಳು ಬಲಿಯುತ್ತವೆ. ಮೇಷ್ಟ್ರ ಜಟ್ಟಿಗೆ ಮೈಬಲ ಹನ್ನೊಂದಾಗಿತ್ತು. ನಾಲ್ಕು ಬಿದ್ದರೆ ಸಾಕು, ಎಂಥ ವಿಷವನ್ನೂ ನೀರು ಕುಡಿದ ಹಾಗೆ ಕುಡಿದು ಮೀಸೆ ಒರೆಸಿಕೊಳ್ಳುತ್ತಿದ್ದ. ಮೇಷ್ಟ್ರು ದಾಳ ಎಸೆಯುವ ಮೊದಲೇ ಆಕಳಿಸುತ್ತಿದ್ದರು. ಸಾವಿನ ಹೆದರಿಕೆ ಇಲ್ಲದ ಆಟ ಉಪ್ಪಿಲ್ಲದ ಊಟ.

ಅದಕ್ಕೇ ಹೊಸ ಪಟ್ಟಿ ಮಾಡಿದೆ. ಹದಿನೈದಕ್ಕೆ ಶತ್ರುವಿನ ದರ್ಜೆಯನ್ನೂ, ಅಂದರೆ ಅದು ಎಷ್ಟು ಬಲಿಷ್ಠ ಎಂಬ ಅಂಕಿಯನ್ನೂ, ಕೂಡಿಸಬೇಕು. ಎಂಟನೇ ದರ್ಜೆಯ ಹಾವಾದರೆ ಇಪ್ಪತ್ತಮೂರು. ಊಟದ ಬಿಡುವಿನಲ್ಲಿ ಲೇತಿನ ಪಕ್ಕ ಕೂತು ಜಟ್ಟಿಯ ಹೆಸರಲ್ಲಿ ನೂರು ಸಲ ದಾಳ ಎಸೆದೆ. ನಲವತ್ತಾರು ಸಲ ಉಳಿದ, ಐವತ್ತನಾಲ್ಕು ಸಲ ಸತ್ತ. ನನಗೆ ಖುಷಿಯೋ ಖುಷಿ. ಪಟ್ಟಿಯನ್ನು ಗೋಡೆಗೆ ಅಂಟಿಸಿಬಿಟ್ಟೆ.

ಅಜ್ಜಿಯ ಹೆಸರಲ್ಲಿ ಒಂದು ಸಲವೂ ಎಸೆದು ನೋಡಲಿಲ್ಲ. ಅವಳಿಗೆ ಬುದ್ಧಿಬಲ ಬೆಟ್ಟದಷ್ಟು, ಮೈಬಲ ಬರೀ ಒಂದು. ಯಾವಾಗಲೂ ಹಿಂದೆ ನಿಲ್ಲುವವಳು, ಅವಳಿಗೇನಾಗುತ್ತದೆ ಎಂದುಕೊಂಡೆ. ಕೆಲಸದಲ್ಲಿ ಒಂದು ಕೂದಲೆಳೆ ಅಳತೆ ತಪ್ಪಿದರೂ ಇಡೀ ತುಂಡನ್ನು ಎಸೆಯುವವನು ನಾನು. ಇಲ್ಲಿ ಒಂದು ತುಂಡು ಅಳೆದು ಮೂರೂ ಸರಿಯಿದೆ ಎಂದೆ.

ತಂಗಿ ಪಟ್ಟಿ ನೋಡಿದ ದಿನವೇ ಹೇಳಿದ್ದಳು. "ಅಣ್ಣ, ಇದು ಮೇಷ್ಟ್ರ ಅಳತೆಗೆ ಕತ್ತರಿಸಿರೋ ಬಟ್ಟೆ. ನಮ್ಮಜ್ಜಿ ಇದರಲ್ಲಿ ಮುಳುಗಿಹೋಗ್ತಾಳೆ." ಬಟ್ಟೆ ನೀನು ನೋಡಿಕೋ, ಲೆಕ್ಕ ನಾನು ನೋಡಿಕೊಳ್ಳುತ್ತೇನೆ ಎಂದು ಅವಳ ಬಾಯಿ ಮುಚ್ಚಿಸಿದ್ದೆ.

ಆ ಭಾನುವಾರ ಕಾಂಪೌಂಡರನ ಕಳ್ಳ ಹಾವಿನ ಗುಹೆಯಲ್ಲಿ ಕುಸಿದು ಬಿದ್ದ. ಅಜ್ಜಿ ಮದ್ದು ಕುಡಿಸಲು ಮುಂದೆ ಹೋದಳು. ಹಾವು ಅವಳ ಮೇಲೆ ವಿಷ ಉಗುಳಿತು. ತಂಗಿ ದಾಳವನ್ನು ಅಂಗೈಯಲ್ಲಿಟ್ಟು ಊದಿ ಎಸೆದಳು. ಇಪ್ಪತ್ತು. ಒಂದು ಮೈಬಲ ಸೇರಿಸಿದರೆ ಇಪ್ಪತ್ತೊಂದು, ಬೇಕಾದ ಇಪ್ಪತ್ತಮೂರಕ್ಕೆ ಎರಡು ಕಡಿಮೆ. ಆಗಲೇ ನನಗೆ ಗೊತ್ತಾದದ್ದು. ಅವಳು ಏನೇ ಎಸೆದರೂ ಸಾಯುತ್ತಿದ್ದಳು. ಬದುಕುವ ದಾರಿಯನ್ನೇ ನಾನು ಇಟ್ಟಿರಲಿಲ್ಲ.

ಗೊತ್ತಾದ ಕ್ಷಣವೇ ಒಪ್ಪಿಕೊಳ್ಳಬಹುದಿತ್ತು. ಆದರೆ ಕಾಂಪೌಂಡರ್ ನಕ್ಕಿದ್ದ.

ಮೇಷ್ಟ್ರು ಸಮಾಧಾನಕ್ಕೆ ಬಂದರು. ಇಪ್ಪತ್ತಕ್ಕಿಂತ ಮೇಲೆ ದಾಳದಲ್ಲೇ ಇಲ್ಲವಲ್ಲ, ಬಿಟ್ಟುಬಿಡಪ್ಪ ಎಂದರು. ನಾನು ಗೋಡೆಯ ಕಡೆ ಕೈ ತೋರಿಸಿ, ನಿಯಮ ಎಂದರೆ ನಿಯಮ ಎಂದೆ. ಆಮೇಲೆ ತಂಗಿಯ ಮುಖ ನೋಡಿ ದನಿ ತಗ್ಗಿಸಿದೆ.

"ಹೋಗ್ಲಿ. ತಂಗಿ ಅಂತ ಈ ಒಂದ್ಸಲ ಬಿಡ್ತೀನಿ. ಅಜ್ಜಿ ಬದುಕಿದಳು ಅಂತ ಬರ್ಕೋ."

"ದಾನ ಬೇಡ ಅಣ್ಣ. ಪಟ್ಟಿ ತಪ್ಪು ಅಂತ ಹೇಳು, ಸಾಕು."

"ಸೋಲೋಕೆ ಬರದೋರು ಆಟಕ್ಕೆ ಬರಬಾರದು."

ಅವಳು ಇಪ್ಪತ್ತು ತೋರಿಸುತ್ತಿದ್ದ ದಾಳವನ್ನು ನನ್ನ ಕಡೆ ತಳ್ಳಿದಳು.

"ಸೋತಿದ್ರೆ ಸುಮ್ನಿರ್ತಿದ್ದೆ. ನಾನು ಗೆದ್ದೆ. ಗೆದ್ದ ಮೇಲೂ ನೀನು ಸಾಯ್ಸಿದೆ."

ಎದ್ದಳು. ದಾಳಗಳಿಗೆಂದು ಅವಳೇ ಹೊಲಿದ ಚೀಲವನ್ನು ಮೇಜಿನ ಮೇಲೆ ಕವುಚಿ, ಖಾಲಿ ಚೀಲ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅಜ್ಜಿಯ ಕಾಗದವನ್ನು ಹರಿಯಲಿಲ್ಲ, ಮಡಚಲೂ ಇಲ್ಲ, ಹಾಗೇ ಬಿಟ್ಟಳು. ಕಬ್ಬಿಣದ ಮೆಟ್ಟಿಲು ಇಳಿಯುವ ಸದ್ದು ಕೇಳಿತು. ಕುರ್ಚಿಯ ಬೆನ್ನ ಮೇಲೆ ಅವಳ ಅಳತೆ ಟೇಪು ನೇತಾಡುತ್ತಿತ್ತು. ಕೂಗಲು ಮೇಷ್ಟ್ರು ಎದ್ದರು. ಕೂರಿ ಮೇಷ್ಟ್ರೇ ಎಂದೆ. ಟೈಲರ್ ಆದವಳು ಟೇಪಿಗಾದರೂ ವಾಪಸ್ ಬರುತ್ತಾಳೆ ಎಂದುಕೊಂಡೆ.

ಮುಂದಿನ ವಾರ ಪಟ್ಟಿ ತಿದ್ದಿದೆ. ಶತ್ರುವಿನ ದರ್ಜೆಯಲ್ಲಿ ಅರ್ಧ ಮಾತ್ರ ಕೂಡಿಸಬೇಕು, ಇಪ್ಪತ್ತು ಬಿದ್ದರೆ ಯಾರೇ ಆಗಲಿ ಬದುಕಬೇಕು. ಈ ಸಲ ಮೂರೂ ಪಾತ್ರ ಇಟ್ಟು ಎಸೆದು ನೋಡಿದೆ. ಒಂದು ಪ್ರತಿಯನ್ನು ಮೇಷ್ಟ್ರ ಕೈಲಿ ಕಳಿಸಿದೆ. ಅವಳು ಮಷೀನು ನಿಲ್ಲಿಸಿ ಓದಿ, ಈಗ ಅಳತೆ ಸರಿಯಿದೆ ಎಂದಳಂತೆ. ಮತ್ತೆ ಪೆಡಲು ತುಳಿದಳಂತೆ. ತಪ್ಪಾಯ್ತು ಎಂದು ನಾನೇ ಹೋಗಿ ಹೇಳಬೇಕಿತ್ತು. ಅವಳ ಅಂಗಡಿ ಎರಡು ಬೀದಿ ಆಚೆ, ಅಷ್ಟೇ. ಮೂಲೆಯವರೆಗೆ ಹೋಗಿ ಎಷ್ಟೋ ಸಲ ತಿರುಗಿ ಬಂದಿದ್ದೇನೆ.

ಟೇಪು ಇನ್ನೂ ಕುರ್ಚಿಯ ಮೇಲಿದೆ. ಅವಳು ಬೇರೆ ಕೊಂಡಳು.