ಮೂರು ಮಂಕರಿ ಕೆಮ್ಮಣ್ಣು

ಇಸವಿ ತಪ್ಪು, ಊರು ತಪ್ಪು, ಮುದುಕನಿಗೆ ನಿನ್ನೆ ತಿಂದದ್ದೇ ನೆನಪಿಲ್ಲ ಎಂದು ಗೊಣಗುವವರು ಸ್ವಲ್ಪ ಬಾಯಿ ಮುಚ್ಚಿಕೊಂಡು ಕೇಳಿ. ನಿನ್ನೆ ತಿಂದದ್ದು ನೆನಪಿಡುವಂಥದ್ದಾಗಿರಲಿಲ್ಲ. ಇದು ಹಾಗಲ್ಲ. ಎಪ್ಪತ್ತೊಂಬತ್ತನೇ ಇಸವಿ, ಫೆಬ್ರವರಿ ತಿಂಗಳು, ಅಜ್ಜಂಪುರದ ರೈಲ್ವೆ ಗೇಟು ದಾಟಿದ ಮೇಲೆ ಎಡಕ್ಕೆ ಸಿಗುವ ಬೀಳು ಹೊಲ. ನಂಬದಿದ್ದರೆ ಹೋಗಿ ವಿಚಾರಿಸಿ. ಹೇಳುವವರು ಯಾರೂ ಉಳಿದಿಲ್ಲ, ಅದು ನನ್ನ ತಪ್ಪಲ್ಲ.

ಆ ಹೊಲದಲ್ಲಿ, ಅಷ್ಟು ಜನರ ಎದುರಿಗೆ, ಸಣ್ಣಬೀರಪ್ಪ ನಕ್ಕುಬಿಟ್ಟ.

ನಗಬಾರದ ಹೊತ್ತು ಅದು. ಮದರಾಸಿನಿಂದ ಬಂದಿದ್ದ ಸಿನಿಮಾದವರು ನಾಲ್ಕು ದಿನ ಕೂತು ಮೊಣಕಾಲೆತ್ತರದ ಒಂದು ಊರು ಕಟ್ಟಿದ್ದರು. ಹದಿನೆಂಟು ಮನೆ, ಒಂದು ಗುಡಿ, ಎರಡು ಎತ್ತಿನ ಗಾಡಿ, ಹಿತ್ತಲಿಗೊಂದೊಂದು ಬಣವೆ. ಊರಿನ ತಲೆಯ ಮೇಲೆ ಎದೆಮಟ್ಟದ ಮಣ್ಣಿನ ಏರಿ, ಅದರ ಹಿಂದೆ ಪಂಪ್‌ಸೆಟ್ಟಿನಿಂದ ತುಂಬಿಸಿದ ಕೆರೆ. ಹೀರೋ ಹೀರೋಯಿನ್ನು ಕೆಮ್ಮಣ್ಣುಗುಂಡಿಯಲ್ಲಿ ಹಾಡು ಹೇಳುತ್ತಿದ್ದರು. ಇಲ್ಲಿ ಕೆರೆ ಒಡೆದು ಅವರ ಊರು ಕೊಚ್ಚಿ ಹೋಗಬೇಕು. ಕ್ಯಾಮೆರಾ ಓಡಿತು. ಇಬ್ಬರು ಏರಿಯ ನೆತ್ತಿಯಲ್ಲಿ ಹೂತಿದ್ದ ಹಲಗೆಯನ್ನು ಎಳೆದರು. ನೀರು ಮೇಲಿಂದ ಹಾರಿತು, ಮನೆಗಳು ಮಗುಚಿಕೊಂಡವು, ಒಂದು ಎತ್ತಿನ ಗಾಡಿ ತೇಲಿಕೊಂಡು ಬಂದು ಸಣ್ಣಬೀರಪ್ಪನ ಕಾಲಿಗೆ ತಾಗಿ ನಿಂತಿತು. ಅದಕ್ಕೇ ನಗು ಬಂದದ್ದು.

"ಯಾಕ್ರೀ ನಗ್ತೀರಿ ಯಜಮಾನ್ರೇ?" ಎಂದ ದತ್ತಾತ್ರಿ.

"ಏರಿ ಒಡ್ದಂಗಿಲ್ಲ ಸ್ವಾಮಿ. ಕೊಡ ಉರುಳಿದಂಗೈತೆ."

ಈ ದತ್ತಾತ್ರಿ ಪರವೂರಿನವನಲ್ಲ. ಕಡೂರಿನ ವೆಂಕಟಸುಬ್ಬಯ್ಯ ಮೇಷ್ಟ್ರ ಮಗ. ಇಪ್ಪತ್ತು ವರ್ಷದಿಂದ ಮದರಾಸಿನ ಸ್ಟುಡಿಯೋಗಳಲ್ಲಿ ಟ್ರಿಕ್ ಕೆಲಸ ಮಾಡಿಕೊಂಡಿದ್ದ. ಹಾವು ಹೆಣ್ಣಾಗುವುದು, ಅರಮನೆ ಕುಸಿಯುವುದು, ದೇವರು ಮೋಡದಿಂದ ಇಳಿಯುವುದು, ಎಲ್ಲ ಅವನ ಕೈಯಲ್ಲಿ ಆಗುತ್ತಿದ್ದವು. ಬೋಳು ತಲೆಯ ಮೇಲೆ ಒದ್ದೆ ಕರ್ಚೀಫು ಹಾಕಿಕೊಂಡಿದ್ದವನು ಸಿಟ್ಟಾಗುತ್ತಾನೆಂದು ಎಲ್ಲರೂ ಕಾದರು. ಅವನು ಕೆಸರಿನಲ್ಲೇ ಕುಕ್ಕರಿಸಿದ.

"ನನಗೂ ಹಾಗೇ ಅನ್ನಿಸ್ತು. ಮನೆ ಚಿಕ್ಕದು ಮಾಡಬಹುದು, ಗಾಡಿ ಚಿಕ್ಕದು ಮಾಡಬಹುದು. ನೀರಿನ ಹನಿ ಮಾತ್ರ ಚಿಕ್ಕದಾಗಲ್ಲ ನೋಡಿ. ಅದಕ್ಕೇ ಕ್ಯಾಮೆರಾನ ನಾಲ್ಕರಷ್ಟು ಜೋರಾಗಿ ಓಡಿಸ್ತೀವಿ. ಪರದೆ ಮೇಲೆ ನೀರು ನಿಧಾನಕ್ಕೆ ಬೀಳುತ್ತೆ, ಅದಕ್ಕೊಂದು ಭಾರ ಬರುತ್ತೆ. ಎಲ್ಲ ಮಾಡಿದೀನಿ. ಆದರೂ ಸುಳ್ಳು ಅನ್ನಿಸ್ತಾ ಇದೆ."

"ಕ್ಯಾಮೆರಾ ನಂಗೊತ್ತಿಲ್ಲ. ನೀರು ಹಿಂಗೆ ಮೇಲಿಂದ ಹಾರಲ್ಲ."

"ಮತ್ತೆ ಹೆಂಗೆ ಬರುತ್ತೆ? ಇನ್ನು ಒಂದೇ ಸಲಕ್ಕೆ ಆಗೋವಷ್ಟು ಫಿಲ್ಮ್ ಉಳಿದಿದೆ. ಇದೂ ಕೆಟ್ಟರೆ ನನ್ನನ್ನ ಕಡೂರು ಸ್ಟೇಷನ್ನಲ್ಲಿ ಇಳಿಸಿ ಹೋಗ್ತಾರೆ. ಹೇಗೂ ನಿನ್ನೂರೇ ಅಲ್ಲವೇನಯ್ಯಾ ಅಂತಾರೆ."

ಸಣ್ಣಬೀರಪ್ಪ ಬಾಯಿ ತೆರೆದ. ಹತ್ತು ಹೆಜ್ಜೆ ಆಚೆ, ಬೇವಿನ ಮರದ ನೆರಳಲ್ಲಿ ಕೂತಿದ್ದ ಹೆಂಗಸರ ಕಡೆ ಕಣ್ಣು ಹೋಯಿತು. ಬಾಯಿ ಮುಚ್ಚಿದ.

ಅಲ್ಲಿ ಕೂತವರಲ್ಲಿ ಒಬ್ಬಳು ಶಂಕರಮ್ಮ, ಅವನ ಒಡಹುಟ್ಟಿದ ತಂಗಿ. ಅವಳು ಅವನೊಂದಿಗೆ ಮಾತು ಬಿಟ್ಟು ಹದಿನೇಳು ವರ್ಷ ಆಗಿತ್ತು.

ಇಬ್ಬರೂ ಕಾರೇಹಟ್ಟಿಯವರು. ಸಣ್ಣಬೀರಪ್ಪ ಆಗ ಊರ ಕೆರೆಯ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಗದ್ದೆಗಳಿಗೆ ನೀರು ಹಂಚುವುದು, ಏರಿಯ ಮೇಲೆ ದಿನಕ್ಕೆರಡು ಸಲ ನಡೆದು ಬರುವುದು ಅವನ ಕೆಲಸ. ಅರವತ್ತೊಂದರ ಮಾರ್ನಮಿ ಹಬ್ಬಕ್ಕೆ ಮೂರು ದಿನ ಮುಂಚೆ ಕೋಳಿ ಕೂಗುವ ಹೊತ್ತಿಗೆ ಕೆರೆ ಒಡೆಯಿತು. ಏರಿಯ ಕೆಳಗೆ ಈರುಳ್ಳಿ ಕಾಯಲು ಗುಡ್ಲಿನಲ್ಲಿ ಮಲಗಿದ್ದ ಲಕ್ಕಣ್ಣ ಕೊಚ್ಚಿಹೋದ. ಅವನು ಶಂಕರಮ್ಮನ ಗಂಡ. ನೀರುಗಂಟಿ ಹೆಂಡ ಕುಡಿದು ಬಿದ್ದಿದ್ದ, ತೂಬು ಎತ್ತಲೇ ಇಲ್ಲ ಎಂದು ಊರು ಮಾತಾಡಿತು. ಮೊದಲು ಆಡಿದವಳು ಶಂಕರಮ್ಮನೇ. ಸಣ್ಣಬೀರಪ್ಪ ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ತೂಬಿನ ಕೆಲಸ ಬೇರೆಯವರ ಪಾಲಾಯಿತು. ಅವನು ಅಜ್ಜಂಪುರಕ್ಕೆ ಬಂದು ಗೇಟಿನ ಹತ್ತಿರ ಮಣ್ಣು ಹೊರುವ ಕೂಲಿಗೆ ನಿಂತ. ಸಿನಿಮಾದವರು ಏರಿ ಕಟ್ಟಲು ಬಲ್ಲವರು ಬೇಕೆಂದಾಗ ಟೀ ಅಂಗಡಿಯವನು ತೋರಿಸಿದ್ದು ಅವನನ್ನೇ. ಪುಟ್ಟ ಮನೆಗಳಿಗೆ ಪುಟ್ಟ ಬೆರಣಿ ತಟ್ಟಲು ಹೆಂಗಸರು ಬೇಕೆಂದಾಗ ಕಾರೇಹಟ್ಟಿಯಿಂದ ಬಂದವರ ಗುಂಪಿನಲ್ಲಿ ಶಂಕರಮ್ಮ ಇದ್ದಳು. ಅಣ್ಣನನ್ನು ಕಂಡು ಒಂದು ಗಳಿಗೆ ನಿಂತಳು. ಹಿಂದಕ್ಕೆ ಹೋಗಲಿಲ್ಲ.

ಮರುದಿನದಿಂದ ಏರಿಯನ್ನು ಮತ್ತೆ ಕಟ್ಟಬೇಕಾಯಿತು, ಊರನ್ನೂ. ಅಣ್ಣ ಮಣ್ಣು ಜರಡಿ ಹಿಡಿದು ಪದರ ಪದರವಾಗಿ ಕುಟ್ಟಿ ದಮ್ಮಸ್ಸು ಹಾಕುತ್ತಿದ್ದ. ತಂಗಿ ಅದರ ಬುಡದಲ್ಲೇ ಕೂತು ಹೆಬ್ಬೆರಳಗಲದ ಬೆರಣಿಗಳನ್ನು ಗೋಡೆಗೆ ಬಡಿಯುತ್ತಿದ್ದಳು. ಒಂದೊಂದರ ಮೇಲೂ ಕಡ್ಡಿಯಿಂದ ಬೆರಳ ಗುರುತು ಮೂಡಿಸುತ್ತಿದ್ದಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ದತ್ತಾತ್ರಿ ಬೋರಲು ಮಲಗಿ, ಗಲ್ಲ ನೆಲಕ್ಕಿಟ್ಟು ಅದನ್ನು ನೋಡಿ, ಎದ್ದು ಬಂದು ಅವಳಿಗೆ ಕೈ ಮುಗಿದ. ಹೆಂಗಸರೆಲ್ಲ ನಕ್ಕರು.

"ತಿಪ್ಪಮ್ಮ, ಆ ಏರಿ ಕಟ್ಟೋರಿಗೆ ಹೇಳೇ, ನನ್ ಮನೆ ಮ್ಯಾಲೆ ಮಣ್ಣು ಉದುರಿಸ್ಬ್ಯಾಡ ಅಂತ," ಎಂದಳು ಶಂಕರಮ್ಮ.

"ಅವರಿಗೇನು ಕಿವಿ ಇಲ್ವಾ?" ಪಕ್ಕದಲ್ಲಿದ್ದ ತಿಪ್ಪಮ್ಮ ರೇಗಿದಳು. "ಮೂರು ಮೊಳ ದೂರದಾಗೆ ಕೂತವ್ರೆ. ನಾನೇನು ಟಪಾಲಿನವಳಾ?"

"ತಿಪ್ಪಮ್ಮ, ಇನ್ಮೇಲೆ ಉದುರಲ್ಲ ಅಂತ ಹೇಳು," ಎಂದ ಸಣ್ಣಬೀರಪ್ಪ.

"ಹೇಳಲ್ಲ. ಇಬ್ರೂ ಕಾಗದ ಬರ್ಕಳ್ಳಿ."

ಮೂರನೆಯ ದಿನ ಶಂಕರಮ್ಮ ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದಳು. ಜೋಳದ ದಂಟಿನ ಸಿಪ್ಪೆಯಿಂದ ಒಂದು ಗುಡ್ಲು ಕಟ್ಟಿ, ಏರಿಯ ಕೆಳಗೆ ಊರಿನಿಂದ ಸ್ವಲ್ಪ ಆಚೆಗೆ ಒಂಟಿಯಾಗಿ ಇಟ್ಟಳು. ಅದರ ಮುಂದೆ ಕೆಂಪು ಕಾಳುಗಳನ್ನು ರಾಶಿ ಹಾಕಿದಳು.

"ಇದೇನಮ್ಮಾ?" ದತ್ತಾತ್ರಿ ಕೇಳಿದ.

"ಈರುಳ್ಳಿ ಗುಡ್ಲು. ಇದಿಲ್ದಿದ್ರೆ ಊರು ಊರಂಗಿರಲ್ಲ."

ಸಣ್ಣಬೀರಪ್ಪನ ಕೈಯಲ್ಲಿದ್ದ ದಮ್ಮಸ್ಸಿನ ಮರ ಅಲ್ಲೇ ನಿಂತಿತು. ಗುಡ್ಲು ಎಲ್ಲಿರಬೇಕೋ ಅಲ್ಲೇ ಇತ್ತು, ಒಂದು ಗೇಣೂ ಆಚೀಚೆ ಇಲ್ಲದೆ. ಅವಳು ಈ ಮೂರು ದಿನದಿಂದ ಕಾರೇಹಟ್ಟಿಯನ್ನೇ ಕಟ್ಟುತ್ತಿದ್ದಾಳೆ ಎಂಬುದು ಆಗ ಅವನಿಗೆ ಹೊಳೆಯಿತು. ತಾನು ಕಟ್ಟಿದ ಏರಿಯನ್ನೂ ನೋಡಿಕೊಂಡ. ಅದರ ತಿರುವು, ತೂಬಿನ ಕಲ್ಲು, ಕೋಡಿಯ ಇಳಿಜಾರು. ಅದೂ ಅಷ್ಟೇ ಆಗಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಕೆರೆ ತುಂಬಿಸಿದರು. ದತ್ತಾತ್ರಿ ಬಂದು ಸಣ್ಣಬೀರಪ್ಪನ ಪಕ್ಕ ನಿಂತ.

"ಈಗ ಹೇಳಿ ಯಜಮಾನ್ರೇ. ಹೆಂಗೆ ಒಡೆಯುತ್ತೆ?"

"ಏರಿ ಅನ್ನೋದು ಯಾವಾಗ್ಲೂ ಬೆವರ್ತಾ ಇರ್ತೈತೆ ಸ್ವಾಮಿ. ಬುಡದಾಗೆ ನೀರು ಜಿನುಗ್ತೈತೆ. ತಿಳಿನೀರು ಜಿನುಗಿದ್ರೆ ಭಯ ಇಲ್ಲ. ನಾವು ಅಂಗೈಗೆ ತಗಂಡು ಬಿಸಿಲಿಗೆ ಹಿಡಿದು ನೋಡ್ತೀವಿ. ಕೆಂಪಗೆ ಬಂದ್ರೆ ಒಳಗಿನ ಮಣ್ಣು ಹೊರಟೈತೆ ಅಂತ. ಆಮ್ಯಾಲೆ ಏನ್ ಮಾಡಿದ್ರೂ ನಿಲ್ಲಲ್ಲ. ಬುಡದಿಂದ ತಿಂತಾ ತಿಂತಾ ಬಂದು, ಮ್ಯಾಲಿನದು ಕೂತ್ಕಂಡ್‌ಬಿಡ್ತೈತೆ. ನೀರು ಹಾರಲ್ಲ. ಏರಿ ಕೂರ್ತೈತೆ."

ದತ್ತಾತ್ರಿ ಬಗ್ಗಿ ಏರಿಯ ಬುಡ ನೋಡಿದ. "ಆ ಕೆಂಪು ನೀರು ಬೇಕು ನನಗೆ," ಎಂದ. "ಮೊದಲು ಒಂದು ದಾರದಷ್ಟು. ಅದನ್ನ ನೋಡಿದವರಿಗೆ ಮುಂದೆ ಏನಾಗುತ್ತೆ ಅಂತ ಗೊತ್ತಾಗಬೇಕು, ಆದರೆ ಕೂಗೋದಕ್ಕೆ ಆಗಬಾರದು. ಎಲ್ಲಿ ಬರುತ್ತೆ ಅದು? ಯಾವ ಜಾಗದಲ್ಲಿ?"

"ಎಲ್ಲಿ ಬೇಕಾದ್ರೂ ಬರ್ಬೋದು."

"ಎಲ್ಲಿ ಬೇಕಾದರೂ ಅಂದರೆ ಹೇಗೆ? ಏರಿ ಇಷ್ಟು ಗಟ್ಟಿ ಕಟ್ಟಿದ್ದೀರಿ. ಅದು ಅಲ್ಲೇ ಯಾಕೆ ತಿನ್ನೋಕೆ ಶುರು ಮಾಡುತ್ತೆ? ಒಂದು ಕಾರಣ ಬೇಕಲ್ಲ."

ಕಾರಣ ಸಣ್ಣಬೀರಪ್ಪನಿಗೆ ಗೊತ್ತಿತ್ತು. ಹದಿನೇಳು ವರ್ಷದಿಂದ ಅದನ್ನು ಯಾರಿಗೂ ಹೇಳಿರಲಿಲ್ಲ. ಕೆರೆ ಒಡೆದ ಹಿಂದಿನ ಸಂಜೆ ಅವನು ಕುಡಿದಿರಲಿಲ್ಲ. ತೂಬನ್ನು ಪೂರಾ ಎತ್ತಿ, ಏರಿಯ ಬುಡದಲ್ಲಿ ನಡೆದು ಬಂದಿದ್ದ. ಲಕ್ಕಣ್ಣನ ಗುಡ್ಲಿನ ನೇರಕ್ಕೆ ಕೆಂಪು ನೀರು ಜಿನುಗುತ್ತಿತ್ತು. ಅಂಗೈಗೆ ತೆಗೆದುಕೊಂಡು ನೋಡಿಯೂ ಇದ್ದ. ಆದರೆ ಆ ಜಾಗದಲ್ಲಿ ಒಂದು ಗುಂಡಿ ಇತ್ತು. ಹಬ್ಬಕ್ಕೆ ಗೋಡೆ ಸಾರಿಸಲು ಹಿಂದಿನ ವಾರ ಅಲ್ಲಿ ಕೆಮ್ಮಣ್ಣು ಅಗೆದು ಬುಟ್ಟಿ ತುಂಬಿಕೊಂಡು ಹೋಗಿದ್ದಳು ಶಂಕರಮ್ಮ. ಏರಿಯ ಬುಡದಲ್ಲಿ ಗುದ್ದಲಿ ಹಾಕಲು ಬೇರೆ ಯಾರು ಬಂದರೂ ಅವನು ಬೈದು ಓಡಿಸುತ್ತಿದ್ದ. ಇವಳು ತಂಗಿ, ಬಿಟ್ಟಿದ್ದ. ಗುಂಡಿಯ ಕೆಮ್ಮಣ್ಣಿಗೆ ನೀರು ಕೆಂಪಾಗಿದೆ ಎಂದುಕೊಂಡು ಮನೆಗೆ ಹೋಗಿ ಉಂಡು ಮಲಗಿದ್ದ. ಬೆಳಗಾದ ಮೇಲೆ ಏನು ಹೇಳುವುದು? ನಿನ್ನ ಗಂಡ ಹೋದದ್ದು ನೀನು ತೋಡಿದ ಗುಂಡಿಯಿಂದ ಎಂದೇ? ಕುಡುಕ ಅನ್ನಿಸಿಕೊಳ್ಳುವುದು ಅದಕ್ಕಿಂತ ಹಗುರವಾಗಿತ್ತು.

"ಹೇಳಿ ಯಜಮಾನ್ರೇ," ದತ್ತಾತ್ರಿ ಕೈಗಡಿಯಾರ ನೋಡಿಕೊಂಡ. "ಬಿಸಿಲು ಮೇಲೆ ಬರ್ತಾ ಇದೆ."

"ಮೇಲಿಂದಾನೇ ಬಿಡಿ ಸ್ವಾಮಿ," ಎಂದ ಸಣ್ಣಬೀರಪ್ಪ. "ಸಿನಿಮಾ ತಾನೆ. ಯಾರು ನೋಡ್ತಾರೆ."

ಆಗ ಶಂಕರಮ್ಮ ಎದ್ದು ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆರಣಿ ತಟ್ಟಿದ ಮನೆಗಳನ್ನು ತುಳಿಯದಂತೆ ಒಂದೊಂದೇ ಹೆಜ್ಜೆ ಇಟ್ಟು, ಪುಟ್ಟ ಗುಡ್ಲಿನ ಪಕ್ಕ ಕೂತಳು. ಗುಡ್ಲಿನ ನೇರಕ್ಕೆ ಏರಿಯ ಬುಡದಲ್ಲಿ ಮೂರು ಬೆರಳು ಊರಿ ಮಣ್ಣು ತೋಡಿದಳು. ಒಂದು ಸಲ. ಎರಡು ಸಲ. ಮೂರು ಸಲ.

"ಇಲ್ಲಿ," ಎಂದಳು. "ಮೂರು ಮಂಕರಿ ತಗ್ದಿದ್ದೆ."

ಮಾತು ದತ್ತಾತ್ರಿಗೆ ಹೇಳಿದಂತಿತ್ತು. ಆದರೆ ಅವಳು ನೋಡುತ್ತಿದ್ದದ್ದು ಅವನನ್ನಲ್ಲ.

ಸಣ್ಣಬೀರಪ್ಪ ಅವಳ ಎದುರಿಗೆ ಕುಕ್ಕರಿಸಿದ. "ನಿಂಗೊತ್ತಿತ್ತಾ?" ಎಂದ.

"ಒಡೆದ ದಿನವೇ ಗೊತ್ತಿತ್ತು. ಹೆಣ ಹುಡುಕ್ತಾ ಬಂದಾಗ ಮೊದ್ಲು ಕಂಡಿದ್ದೇ ಅದು. ಏರಿ ಒಡೆದಿದ್ದೇ ಅಲ್ಲಿ, ಗುಂಡಿ ಇದ್ದ ಜಾಗ ಇರ್ಲಿಲ್ಲ."

"ಮತ್ತೆ ನನ್ನ ಕುಡುಕ ಅಂದಿ."

"ಅಂದೆ. ಯಾರನ್ನಾದ್ರೂ ಅನ್ಬೇಕಿತ್ತಲ್ಲ. ಇಲ್ಲ ಅಂತ ಬೈತೀಯ ಅಂದ್ಕಂಡೆ. ನೀನು ಬೈಲಿಲ್ಲ. ವರ್ಷ ವರ್ಷ ಕಾದೆ, ಬೈಲೇ ಇಲ್ಲ."

"ಕೆಂಪು ನೀರು ನಾನೂ ನೋಡಿದ್ದೆ ಕಣೇ. ಸಂಜೇನೇ ನೋಡಿದ್ದೆ. ನಿನ್ ಗುಂಡೀದು ಅಂದ್ಕಂಡು ಹೋಗಿ ಉಂಡು ಮಲಗ್ದೆ. ಒಂದು ಕೂಗು ಹಾಕಿದ್ರೆ ಲಕ್ಕಣ್ಣ ಎದ್ದು ಬತ್ತಿದ್ದ."

ಶಂಕರಮ್ಮ ಗುಡ್ಲಿನ ಮುಂದೆ ಚೆದುರಿದ್ದ ಕಾಳುಗಳನ್ನು ಮತ್ತೆ ರಾಶಿ ಮಾಡಿದಳು. ತಿಪ್ಪಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ದತ್ತಾತ್ರಿ ತಲೆಯ ಮೇಲಿನ ಕರ್ಚೀಫು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಬೇಡ ಅಂದರೆ ಬಿಟ್ಟುಬಿಡೋಣ ಅಮ್ಮಾ," ಎಂದ ಮೆಲ್ಲಗೆ. ತನ್ನ ಕೆಲಸ ಹೋಗುತ್ತದೆ ಎಂದು ಗೊತ್ತಿದ್ದೂ ಅಂದ.

"ಬಿಡಿ ಅಂದ್ನಾ ನಾನು? ಗುಂಡಿ ಯಾಕೆ ತೋಡ್ದೆ ಮತ್ತೆ?" ಎಂದು ಗದರಿದಳು ಶಂಕರಮ್ಮ. "ಸರಿಯಾಗಿ ಒಡೆಯೋ ಹಂಗೆ ಮಾಡಿ."

ಸಣ್ಣಬೀರಪ್ಪ ಕಬ್ಬಿಣದ ಸರಳು ತೆಗೆದುಕೊಂಡು ಗುಂಡಿಯ ಹಿಂದಿನಿಂದ ಏರಿಯೊಳಗೆ ಒಂದು ಸಣ್ಣ ಕಂಡಿ ಮಾಡಿದ. ಎಲ್ಲರೂ ದೂರ ಸರಿದರು. ಕ್ಯಾಮೆರಾ ನೆಲಕ್ಕೆ ಗಲ್ಲ ಇಟ್ಟಂತೆ ಕೂತಿತ್ತು. ಮೊದಲು ಏನೂ ಆಗಲಿಲ್ಲ. ಆಮೇಲೆ ಗುಂಡಿಯಲ್ಲಿ ಒಂದು ಕೆಂಪು ಗೆರೆ ಮೂಡಿತು. ಅದು ಗುಡ್ಲಿನ ಬಾಗಿಲ ತನಕ ಹರಿದು, ಒಂದು ಕ್ಷಣ ನಿಂತು, ಪಕ್ಕಕ್ಕೆ ತಿರುಗಿತು. ಗುಂಡಿಯ ಬಾಯಿ ಅಗಲವಾಯಿತು. ಏರಿಯ ನೆತ್ತಿ ಸದ್ದಿಲ್ಲದೆ ಒಂದು ಗೇಣು ಕುಸಿಯಿತು, ಇನ್ನೊಂದು ಗೇಣು, ಆಮೇಲೆ ಪೂರಾ ಕೂತುಬಿಟ್ಟಿತು. ಕೆರೆ ಮುಂದಕ್ಕೆ ಬಂದಿತು. ಊರೆಲ್ಲ ಕೊಚ್ಚಿ ಹೋದ ಮೇಲೂ ದತ್ತಾತ್ರಿ ನಿಲ್ಲಿಸಿ ಎನ್ನುವುದನ್ನು ಮರೆತು ನಿಂತಿದ್ದ. ಫಿಲ್ಮು ತಾನಾಗಿಯೇ ಮುಗಿದು ಕ್ಯಾಮೆರಾ ಬರೀ ಸದ್ದು ಮಾಡುತ್ತಿತ್ತು.

ಮುಂದಿನ ವರ್ಷ ತರೀಕೆರೆಯ ಟೆಂಟಿನಲ್ಲಿ ಆ ಸಿನಿಮಾ ಓಡಿತು. ಹಾಡು ಯಾರಿಗೂ ನೆನಪಿಲ್ಲ. ಕೆಂಪು ಗೆರೆ ಕಂಡಾಗ ಮಾತ್ರ ನೆಲದ ಟಿಕೆಟಿನವರೆಲ್ಲ ಪಂಚೆ ಎತ್ತಿಕೊಂಡು ಕಾಲು ಮಡಚಿದರು. ನಾನೂ ಮಡಚಿದೆ. ಅಜ್ಜಂಪುರದ ಹೊಲದಲ್ಲೇ ನಿಂತು ಚಿತ್ರ ತೆಗೆಯುವುದನ್ನು ನೋಡಿದ್ದವನು ನಾನು.

ಅದು ಆಮೇಲಿನ ಮಾತು. ಅವತ್ತು ಮಧ್ಯಾಹ್ನ ಲಾರಿಗೆ ಸಾಮಾನು ಏರಿಸುತ್ತಿದ್ದರು. ಶಂಕರಮ್ಮ ಕೆಸರಿನಲ್ಲಿ ಹುಡುಕಿ ಜೋಳದ ಸಿಪ್ಪೆಯ ಗುಡ್ಲನ್ನು ಎತ್ತಿಕೊಂಡಳು, ನೋಡಿದಳು, ಬೇವಿನ ಬುಡದಲ್ಲಿ ಇಟ್ಟಳು. ಅವಳ ಕೈ ಮೊಳಕೈವರೆಗೂ ಕೆಂಪಾಗಿತ್ತು. ಸಣ್ಣಬೀರಪ್ಪ ಪಂಪಿನ ಹತ್ತಿರ ಹೋಗಿ ಒಂದು ತಂಬಿಗೆ ನೀರು ತಂದು ಎದುರಿಗೆ ನಿಂತ. ಅವಳು ಕೈ ಚಾಚಿದಳು. ಅವನು ಸಣ್ಣ ಧಾರೆಯಾಗಿ ಹೊಯ್ದ. ಬೆರಳ ಸಂದಿಯಿಂದ ಕೆಂಪಗೆ ಇಳಿಯುತ್ತಿದ್ದ ನೀರು ತಿಳಿಯಾಗುವವರೆಗೆ ಹೊಯ್ದ.

"ಸಾಕು," ಎಂದಳು ಅವಳು. ಕೈ ಹಿಂದಕ್ಕೆ ತೆಗೆಯಲಿಲ್ಲ.

ನನ್ನ ಕಾಲ ಮುಗಿಯಿತು. ಇನ್ನು ನೀವು ಯಾರಿಗಾದರೂ ಇದನ್ನು ಹೇಳುವುದಿದ್ದರೆ, ಸಿನಿಮಾದವರಂತೆ ಏರಿ ಒಡೆದಲ್ಲಿಗೆ ನಿಲ್ಲಿಸದೆ ಇಲ್ಲಿಯ ತನಕ ಹೇಳಿ.