ಬೀರುವಿನ ಮುನಿಸು

ಮಗು ಎಡವಿ ಬಿದ್ದರೆ ನೆಲಕ್ಕೆ ಎರಡೇಟು ಹಾಕಿ ಸಮಾಧಾನ ಮಾಡದ ತಾಯಿ ಯಾರಿದ್ದಾರೆ? ಮೇಷ್ಟ್ರ ಹೆಂಡತಿಯೂ ಅಷ್ಟೇ ಮಾಡಿದ್ದಳು. ಹಿಂದಿನ ಸಂಜೆ ನಾಲ್ಕು ವರ್ಷದ ಪುಟ್ಟಿ ಓಡಿಬಂದು ಮರದ ಬೀರುವಿಗೆ ಹಣೆ ಗುದ್ದಿಕೊಂಡು ಸೂರು ಹಾರಿಹೋಗುವಂತೆ ಅತ್ತಾಗ, ಒಲೆಯ ಮೇಲಿನ ಹಾಲನ್ನು ಬಿಟ್ಟು ಬಂದು ಬೀರುವಿನ ಬಾಗಿಲಿಗೆ ಫಟೀರನೆ ಬಾರಿಸಿ, "ನಮ್ಮ ಪುಟ್ಟೀನ ಹೊಡೀತೀಯಾ? ಬುದ್ಧಿ ಇಲ್ವಾ ನಿಂಗೆ?" ಎಂದು ಗದರಿದ್ದಳು. ಪುಟ್ಟಿ ಅಳು ನಿಲ್ಲಿಸಿದಳು. ಹಾಲು ಉಕ್ಕಿತು. ಅಲ್ಲಿಗೆ ಮುಗಿಯಿತೆಂದು ಅವಳು ಒಲೆ ಒರೆಸಿಕೊಂಡಳು.

ಮುಗಿದಿರಲಿಲ್ಲ. ಬೆಳಿಗ್ಗೆ ಬೀರು ಬಾಯಿ ಬಿಡಲಿಲ್ಲ.

ಅದು ಆರಿಸಿಕೊಂಡ ದಿನವಾದರೂ ಎಂಥದ್ದು! ಜೀವಶಾಸ್ತ್ರದ ಮೇಷ್ಟ್ರು ಅಂದು ಶಾಲೆಯಲ್ಲಿ ಎಲ್ಲರೆದುರು ಭಾಷಣ ಮಾಡಬೇಕಿತ್ತು. ವಿಷಯ, ಮನುಷ್ಯನನ್ನು ಮನುಷ್ಯನನ್ನಾಗಿ ಮಾಡುವುದು ಯಾವುದು ಎಂಬುದು. ಖಾಲಿಯಾಗಿದ್ದ ಉಪಮುಖ್ಯಸ್ಥರ ಹುದ್ದೆಯ ಮೇಲೆ ಇವರೂ ಕಣ್ಣಿಟ್ಟಿದ್ದರು, ಗಣಿತದ ಮೇಷ್ಟ್ರೂ ಕಣ್ಣಿಟ್ಟಿದ್ದರು. ಇಬ್ಬರ ಮಾತನ್ನೂ ಕೇಳಿ ತೀರ್ಮಾನಿಸುತ್ತೇನೆ ಎಂದು ಹೆಡ್ಮೇಷ್ಟ್ರು ಸಾರಿಬಿಟ್ಟಿದ್ದರು. ಒಗೆದಿಟ್ಟ ಷರಟು, ಪ್ಯಾಂಟು, ಇದ್ದೊಂದು ಕೋಟು ಎಲ್ಲವೂ ಬೀರುವಿನ ಒಳಗೆ. ಉಳಿದ ಬಟ್ಟೆಗಳು ಬಕೆಟ್ಟಿನಲ್ಲಿ ನೆನೆಯುತ್ತಿದ್ದವು. ಮೇಷ್ಟ್ರು ಬೀರುವಿನ ಹೊರಗೆ, ಟವೆಲ್ಲಿನಲ್ಲಿ.

"ತೇವಕ್ಕೆ ಮರ ಊದಿಕೊಂಡಿದೆ, ಅಷ್ಟೇ," ಎಂದು ಅವರು ಹಿಡಿಯನ್ನು ಎಳೆದರು. ಒಂದು ಕೈಯಲ್ಲಿ ಟವೆಲ್ಲು ಹಿಡಿದುಕೊಂಡು ಇನ್ನೊಂದರಲ್ಲಿ ಬೀರು ಎಳೆಯುವುದು ಹುಡುಗಾಟವಲ್ಲ. ಎಳೆದ ರಭಸಕ್ಕೆ ಹಿಡಿಯೇ ಕಿತ್ತು ಕೈಗೆ ಬಂತು. ಸಂದಿಗೆ ಚಮಚ ತುರುಕಿದರು. ಚಮಚ ಬಾಗಿತು.

"ನಿಮ್ಮಪ್ಪ ಇದ್ದಿದ್ರೆ ಒಂದೇ ಒದೆತಕ್ಕೆ ತೆಗೆದಿರೋರು," ಎಂದರು ಕುರ್ಚಿಯಲ್ಲಿ ಕೂತಿದ್ದ ಮೇಷ್ಟ್ರ ತಾಯಿ.

ಮೇಷ್ಟ್ರು ಕಾಲೆತ್ತಿದರು. ಅಷ್ಟರಲ್ಲಿ ಪುಟ್ಟಿ ಓಡಿಬಂದು ಎರಡೂ ಕೈ ಚಾಚಿ ಬೀರುವಿಗೆ ಅಡ್ಡ ನಿಂತಳು.

"ಹೊಡೀಬೇಡಿ! ಅದಕ್ಕೆ ಬೇಜಾರಾಗಿದೆ. ನಿನ್ನೆ ಅಮ್ಮ ಹೊಡೆದ್ಳು. ಅದೇನೂ ಮಾಡಿರ್ಲಿಲ್ಲ. ಪಾಪ, ಸುಮ್ನೆ ನಿಂತಿತ್ತು. ನಾನೇ ಹೋಗಿ ಗುದ್ದಿದ್ದು." ಅವಳು ಅಮ್ಮನತ್ತ ತಿರುಗಿದಳು. "ಸಾರಿ ಹೇಳಿದ್ರೆ ತೆಗೆಯತ್ತೆ."

ಹೆಂಡತಿಗೆ ನಗು ಬಂತು, ಆದರೆ ಮಗಳ ಕಣ್ಣು ನೋಡಿದ ಮೇಲೆ ಅದನ್ನು ತಡೆದುಕೊಂಡಳು. ಅವಳು ಮೊಣಕಾಲೂರಿ ತಾನು ಬಾರಿಸಿದ ಜಾಗವನ್ನು ಸವರಿದಳು.

"ತಪ್ಪಾಯ್ತಪ್ಪಾ. ಒಲೆ ಮೇಲೆ ಹಾಲಿತ್ತು. ಅವಸರದಲ್ಲಿ ಕೈ ಮಾಡಿಬಿಟ್ಟೆ." ಆಟಕ್ಕೆಂದು ಶುರು ಮಾಡಿದ ಮಾತು ಮುಗಿಯುವಷ್ಟರಲ್ಲಿ ಅವಳ ದನಿ ಯಾಕೋ ಸಣ್ಣಗಾಗಿತ್ತು.

"ನಂದೂ ಒಂದು ಸೇರಿಸ್ಕೊಳೇ," ಎಂದರು ಅತ್ತೆ. "ಕಾಲ್ಬೆರಳು ತಾಗಿತು ಅಂತ ಅದಕ್ಕೆ ಬಾಯಿಗೆ ಬಂದ ಹಾಗೆ ಬೈದಿದ್ದೆ."

"ನಿಮಗೆಲ್ಲ ತಲೆ ಕೆಟ್ಟಿದೆಯಾ?" ಮೇಷ್ಟ್ರು ಸಿಡಿದರು. "ಮರಕ್ಕೆ ಎಲ್ಲಿಯ ಬೇಜಾರು? ಮನುಷ್ಯನ ದೊಡ್ಡ ಗುಣ ಅಂದ್ರೆ ವಿಚಾರಶಕ್ತಿ! ಇವತ್ತು ನಾನು ಹೇಳಬೇಕಿರೋದೇ ಇದನ್ನ!"

"ಟವೆಲ್ಲಲ್ಲೇ ಹೇಳ್ತೀರಾ?" ಎಂದಳು ಹೆಂಡತಿ.

ಮೇಷ್ಟ್ರು ಗಡಿಯಾರ ನೋಡಿದರು. ಬೀರು ನೋಡಿದರು. ಕೊನೆಗೆ, "ಎಲ್ಲರೂ ಆ ಕಡೆ ತಿರುಗಿ," ಎಂದರು.

ಮೂವರೂ ತಿರುಗಿದರು. ಕಿವಿಗಳನ್ನು ಮಾತ್ರ ಯಾರೂ ತಿರುಗಿಸಲಿಲ್ಲ.

"ನೋಡು," ಎಂದು ಮೇಷ್ಟ್ರು ಪಿಸುಗುಟ್ಟುತ್ತಿದ್ದರು. "ಮದುವೆ ಆದಾಗಿಂದ ಒಟ್ಟಿಗಿದ್ದೀವಿ. ಹಿಡಿ ಕಿತ್ತಿದ್ದು ನಂದೇ ತಪ್ಪು. ಹೊಸದು ಹಾಕಿಸ್ತೀನಿ. ಆ ಗಣಿತದವನ ಮುಂದೆ ನನ್ನ ಮಾನ ಕಳೀಬೇಡ ಕಣೋ." ಹೇಳುತ್ತ ಹೇಳುತ್ತ ಸೋತು, ಬಾಗಿಲಿಗೆ ಹಣೆ ಹಚ್ಚಿ ಒರಗಿದರು.

ಟಕ್ ಎಂದಿತು. ಬಾಗಿಲು ತಾನಾಗಿ ಬಾಯಿ ತೆರೆಯಿತು.

"ಇಷ್ಟು ಹೊತ್ತು ಬರೀ ಎಳೀತಿದ್ದೆ. ಒತ್ತಿದ್ದಕ್ಕೆ ಸಿಕ್ಕಿಕೊಂಡಿದ್ದ ಕೊಂಡಿ ಬಿಟ್ಟಿತು," ಎಂದು ಮೇಷ್ಟ್ರು ಗುಂಡಿ ಹಾಕಿಕೊಳ್ಳುತ್ತ ವಿವರಿಸಿದರು. ಪ್ಯಾಂಟು ಏರಿಸುತ್ತ ಮತ್ತೊಮ್ಮೆ ವಿವರಿಸಿದರು. ಕೇಳುವವರಿರಲಿಲ್ಲ. ಪುಟ್ಟಿ ಬೀರುವಿಗೆ ಮುತ್ತು ಕೊಡುತ್ತಿದ್ದಳು.

ಸಂಜೆ ಮೇಷ್ಟ್ರು ಬಂದಾಗ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. ತಲೆಯೆತ್ತದೆ, "ಹೇಗಾಯ್ತು?" ಎಂದಳು.

"ವಿಚಾರಶಕ್ತಿಯಿಂದಲೇ ಶುರು ಮಾಡಿದೆ. ಹಿಂದಿನ ಸಾಲಲ್ಲಿ ಆಕಳಿಸೋಕೆ ಶುರು ಮಾಡಿದ್ರು. ಅದೇನಾಯ್ತೋ, ಬೀರು ವಿಷಯ ಬಾಯಿಗೆ ಬಂದುಬಿಡ್ತು. ಮುಗಿಸೋ ಹೊತ್ತಿಗೆ ಹೆಡ್ಮೇಷ್ಟ್ರೇ ಎದ್ದು ನಿಂತು, ದಿನಾ ಬೆಳಿಗ್ಗೆ ಸ್ಕೂಟರನ್ನ 'ಏಳೋ ರಾಜಾ' ಅಂತ ಮುದ್ದು ಮಾಡಿ ಚಾಲೂ ಮಾಡೋದನ್ನ ಅಭಿನಯಿಸಿ ತೋರಿಸಿದ್ರು. ಗಣಿತದವರು ಮಾತ್ರ, 'ನಾನು ಯಾವ ವಸ್ತುವಿನ ಜೊತೆಗೂ ಯಾವತ್ತೂ ಮಾತಾಡಿಲ್ಲ' ಅಂದ್ರು. ಹೆಡ್ಮೇಷ್ಟ್ರು ಅವರ ಬೆನ್ನು ಸವರಿ 'ಅಯ್ಯೋ ಪಾಪ' ಅಂದ್ರು."

"ಹುದ್ದೆ?"

"ನಂಗೇ." ಮೇಷ್ಟ್ರು ಕೋಟು ಬಿಚ್ಚಿದರು. "ನಾಳೆ ಬೆಳಿಗ್ಗೆ ಎಂಟಕ್ಕೆ ಅಧಿಕಾರ ವಹಿಸ್ಕೋಬೇಕು. ತಡ ಮಾಡೋ ಹಾಗಿಲ್ಲ."

ಹೆಂಡತಿ ಕೋಟನ್ನು ಇಸಿದುಕೊಂಡು, ಬೀರುವಿನತ್ತ ಒಮ್ಮೆ ನೋಡಿ, ಅದನ್ನು ಗೋಡೆಯ ಮೊಳೆಗೆ ತೂಗುಹಾಕಿದಳು.