ಪೆರ್ಸಿಸಳ ಉತ್ತರ ಕೇಳಿದ ಭೂತಗನ್ನಡಿ

ನಾನು ಒಂದು ಭೂತಗನ್ನಡಿ. ಹೆಸರಿನಲ್ಲಷ್ಟೇ ಭೂತ, ಸ್ವಭಾವ ಸಾಧು. ಮಂಗಳೂರಿನ ಕನ್ನಡಕದ ಅಂಗಡಿಯೊಂದರ ಹಿಂಬದಿಯಲ್ಲಿ ಗಾಜಿನ ಬಿಲ್ಲೆಯನ್ನು ದಿನಗಟ್ಟಲೆ ಉಜ್ಜಿ, ಹಿತ್ತಾಳೆಯ ಬಳೆ ತೊಡಿಸಿ, ಬೀಟೆಮರದ ಹಿಡಿ ಕೂರಿಸಿ ನನ್ನನ್ನು ಮಾಡಿದರು.

ಕೊಂಡವರು ಉಡುಪಿಯ ನಥಾನಿಯೇಲ ಕರ್ಕಡ ಮಾಸ್ಟ್ರು. ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು. ನೊಣದ ಕಣ್ಣು, ಎಲೆಯ ನರ, ಏನು ಸಿಕ್ಕರೂ ನನ್ನ ಕೆಳಗಿಟ್ಟು, "ಇಷ್ಟು ನಾಜೂಕಿನ ಕೆಲಸ ತನ್ನಿಂತಾನೇ ಆಗ್ತದಾ? ಮಾಡಿದವ ಒಬ್ಬ ಇರಲೇಬೇಕು" ಎನ್ನುತ್ತಿದ್ದರು. ಮಕ್ಕಳಿಗಿಂತ ಅವರಿಗೇ ಹೆಚ್ಚು ಬೆರಗು. ಆ ಬೆರಗಿಗಾಗಿಯೇ ನನಗೆ ಅವರು ಬಲು ಇಷ್ಟ.

ಅವರ ತಾಯಿ ದೀನಮ್ಮನವರ ಕಣ್ಣು ಮಂಜಾದಾಗ ನಾನು ಆ ಅಜ್ಜಿಯ ಕೈಗೆ ಹೋದೆ. ಅಲ್ಲಿ ನೊಣವಿಲ್ಲ, ಅಜ್ಜಿ ವೇದಪುಸ್ತಕವೆನ್ನುವ ಬೈಬಲ್ಲಿನ ಅಕ್ಷರಗಳು. ವಾದ ಮಾಡಲು ಅಜ್ಜಿಗೆ ಬಾರದು. ಓದುವರು, ಸುಮ್ಮನೆ ಕೂರುವರು.

ಆ ವರ್ಷವೇ ಮಾಸ್ಟ್ರ ಹೆಂಡತಿ ಕಾಯಿಲೆಯಿಂದ ತೀರಿಕೊಂಡರು. ಮಗಳು ಪೆರ್ಸಿಸಳಿಗೆ ಆಗ ಹದಿನೇಳು. ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ಅವಳ ದೃಢೀಕರಣ, ಅಂದರೆ ತನ್ನ ನಂಬಿಕೆಯನ್ನು ತಾನೇ ಒಪ್ಪಿ ಚರ್ಚಿನ ಸಭೆಗೆ ಪೂರ್ತಿ ಸೇರುವ ದಿನ. ಅವರ ಸಭೆಯಲ್ಲೊಂದು ಪದ್ಧತಿ: ಸಭಾಪಾಲಕರು ಎಲ್ಲರೆದುರು ಪ್ರಶ್ನೆ ಕೇಳುತ್ತಾರೆ, ಅಚ್ಚಾದ ಉತ್ತರವನ್ನು ಬಾಯಿಪಾಠ ಒಪ್ಪಿಸಬೇಕು. ಒಪ್ಪಿಸದವರಿಗೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸದಲ್ಲಿ ಪಾಲಿಲ್ಲ. ಪೆರ್ಸಿಸ್ ಒಪ್ಪಿಸುವುದಿಲ್ಲವೆಂದು ಹಟ ಹಿಡಿದಳು. ಹೆಂಡತಿಯನ್ನು ಕಳೆದುಕೊಂಡ ಮಾಸ್ಟ್ರಿಗೆ ಈಗ ಮಗಳೂ ಚರ್ಚಿನಲ್ಲಿ ತಮ್ಮ ಪಕ್ಕದಿಂದ ಎದ್ದುಹೋಗುವಳೆಂಬ ಭಯ. ಆ ಭಯದಲ್ಲಿ ಅವರೊಂದು ತಪ್ಪು ಮಾಡಿದರು. ನನ್ನನ್ನು ಅಜ್ಜಿಯಿಂದ ಇಸಿದುಕೊಂಡು, ಪರೀಕ್ಷೆಗೆ ತಯಾರು ಮಾಡುವವರಂತೆ ನೊಣದ ಕಣ್ಣನ್ನೇ ಮತ್ತೆ ತೋರಿಸಿದರು.

"ಮಾಡಿದವ ಇದ್ದಾನೆ, ಸರಿ ಪಪ್ಪ," ಎಂದಳು ಪೆರ್ಸಿಸ್. "ಅವನಿಗೆ ಅಮ್ಮ ಗೊತ್ತಿದ್ರಾ?"

ಮಾಸ್ಟ್ರು ನನ್ನನ್ನು ಅಜ್ಜಿಯ ಕೈಗೆ ಮರಳಿಸಿದರು. ಇದ್ದದ್ದನ್ನು ದೊಡ್ಡದಾಗಿ ತೋರಿಸಬಲ್ಲೆ, ಅಷ್ಟೇ. ಒಬ್ಬರ ಮನಸ್ಸಿನಲ್ಲೇನಿದೆ ಎಂಬುದು ಅವರೇ ಬಾಯಿಬಿಟ್ಟು ಹೇಳದೆ ತಿಳಿಯುವುದಿಲ್ಲ.

ಅಜ್ಜಿ ಅವಳನ್ನು ಹತ್ತಿರ ಕರೆದು, ಸತ್ತ ಗೆಳೆಯನ ಸಮಾಧಿಯೆದುರು ಯೇಸು ಅತ್ತ ಕಥೆಯನ್ನು ನನ್ನ ಮೂಲಕ ಮೆಲ್ಲಗೆ ಓದಿದರು. "ನನಗೆ ಬೇರೆಂತದೂ ಗೊತ್ತಿಲ್ಲ ಮಗಾ. ಅವ ಅಳ್ತಾನೆ, ಇದೊಂದು ಗೊತ್ತುಂಟು."

ಗರಿಗಳ ಭಾನುವಾರ ಅಜ್ಜಿಯ ಮಡಿಲಲ್ಲಿ ನಾನೂ ಚರ್ಚಿನಲ್ಲಿದ್ದೆ. ಪೆರ್ಸಿಸ್ ಬಂದು ಸಾಲಿನಲ್ಲಿ ನಿಂತಿದ್ದಳು, ಅಚ್ಚಿನ ಉತ್ತರ ಮಾತ್ರ ಕಲಿತಿರಲಿಲ್ಲ. "ದೇವರನ್ನು ಹೇಗೆ ಬಲ್ಲೆ?" ಎಂದು ಸಭಾಪಾಲಕರು ಪೆರ್ಸಿಸಳನ್ನು ಕೇಳಿದರು.

"ಇದ್ದಾನೆ ಅಂತ ಪಪ್ಪ ತೋರಿಸಿದ್ರು, ಅಯ್ಯನವರೇ. ಎಂಥವನು ಅಂತ ಅಜ್ಜಿ ಓದಿ ಹೇಳಿದ್ರು. ನಂಬ್ತೇನೆ. ಆದ್ರೆ ಅವನ ಮೇಲೆ ನನಗೆ ಸಿಟ್ಟುಂಟು."

ಮುಂದಿನ ಬೆಂಚಿನ ಹಿರಿಯರೊಬ್ಬರು ಜೋರಾಗಿ ಕೆಮ್ಮಿದರು. ಸಭಾಪಾಲಕರು ಅಚ್ಚಿನ ಪುಸ್ತಕ ನೋಡಿದರು, ಹುಡುಗಿಯನ್ನು ನೋಡಿದರು, ಪುಸ್ತಕ ಮಡಚಿದರು. "ಮೊಣಕಾಲೂರು ಮಗಾ" ಎಂದು ಅವಳ ತಲೆಯ ಮೇಲೆ ಕೈಯಿಟ್ಟು ಸಭೆಗೆ ಸೇರಿಸಿಕೊಂಡರು. ಹೆಂಡತಿಯನ್ನು ಮಣ್ಣು ಮಾಡಿದ ದಿನವೂ ಅಳದ ಮಾಸ್ಟ್ರು ಅಂದು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತರು.

ಈಗ ನನಗೆ ಮುಪ್ಪು. ಮೈತುಂಬ ಗೀರು, ಹಿಡಿ ಸಡಿಲ. ಪೆರ್ಸಿಸಳ ಮೇಜಿನ ಖಾನೆಯಲ್ಲಿ ಬಿದ್ದಿದ್ದೇನೆ. ಅವಳ ತಲೆಯೂ ನರೆತಿದೆ. ಸಿಟ್ಟು ಹೋಯಿತೇ ಎಂದು ಕೇಳಬೇಡಿ. ಪ್ರಾರ್ಥನೆಗೆ ಕೂತವಳು ಕೆಲವು ದಿನ ಬೆಳಿಗ್ಗೆ ಇಂದಿಗೂ ಅಮ್ಮನ ಹೆಸರೆತ್ತಿ ಜಗಳಕ್ಕೇ ನಿಲ್ಲುತ್ತಾಳೆ. ಖಾನೆಯೊಳಗಿಂದ ನಾನು ಕೇಳಿಸಿಕೊಳ್ಳುತ್ತೇನೆ. ಎದುರಿಗೆ ಯಾರೂ ಇಲ್ಲವೆಂದು ಗೊತ್ತಿದ್ದರೆ, ಯಾರಾದರೂ ಇಷ್ಟು ವರ್ಷ ಜಗಳವಾಡುತ್ತಾರೆಯೇ?